ದೊರೆಯುವ ಸ್ಥಳ

ಗೋಣಿಕೊಪ್ಪದ ನಮ್ಮ ಕಾಲೇಜಿನಲ್ಲಿ ಕಾರ್ಯಾಗಾರ.
ಮೂರು ದಿನ. ಗ್ರಂಥಾಲಯ ವಿಜ್ಞಾನದ ಇಪ್ಪತ್ತಾರು ಮಕ್ಕಳು,
ಒಂಬತ್ತು ಕಂಪ್ಯೂಟರು. ಎರಡಕ್ಕೆ ಮೌಸಿಲ್ಲ,
ಇಲಿ ಇದೆ; ತಂತಿ ಕಡಿದದ್ದು ಅದೇ.

ನಾನು ಹಿಂದಿನ ಬೆಂಚಿನಲ್ಲಿ, ಚಹಾದ ಲೆಕ್ಕಕ್ಕೆ.
ಇಪ್ಪತ್ತಮೂರು ವರ್ಷದಿಂದ ಇಲ್ಲಿ ಸಹಾಯಕಿ,
ಹದಿನೆಂಟು ಸಾವಿರ ಕಾರ್ಡು ಬರೆದ ಕೈ.
ಈಗ ಆ ಡ್ರಾಯರುಗಳಲ್ಲಿ ಪ್ಲಗ್ಗು, ಸೀಮೆಸುಣ್ಣ,
ಯಾರದೋ ಒಂಟಿ ಓಲೆ.

ಯಾಕಿಷ್ಟು ತಡ, ಎಂದರು ಮೈಸೂರಿನಿಂದ ಬಂದ ಸರ್.
ಆನೆ ದಾಟ್ತಿತ್ತು, ಎಂದರು ತಿತಿಮತಿ ಬಸ್ಸಿನವರು.
ಅವರು ನಕ್ಕರು.
ಬೇರೆ ಯಾರೂ ನಗದ್ದು ನೋಡಿ ನಿಲ್ಲಿಸಿದರು.

ಮೊದಲ ದಿನ ಹುಡುಕುವ ವಿದ್ಯೆ.
'ಮತ್ತು' ಸೇರಿಸಿದರೆ ಸಿಕ್ಕುವುದು ಕಡಿಮೆ,
'ಅಥವಾ' ಸೇರಿಸಿದರೆ ಜಾಸ್ತಿ.
ನಾನು ಇಷ್ಟು ವರ್ಷ ತಿರುವುಮುರುವು ತಿಳಿದಿದ್ದೆ.
ಸಫ್ವಾನ್ 'ಕಾಫಿ' ಎಂದು ಹೊಡೆದ: ಮೂವತ್ತೆಂಟು ಲಕ್ಷ.
ಕಾಫಿ ಮತ್ತು ಕೊಡಗು: ಎರಡು ಸಾವಿರ ಚಿಲ್ಲರೆ.
ಕಾಫಿ ಮತ್ತು ಕೊಡಗು ಮತ್ತು ಕೂಲಿಯ ಹೆಂಗಸರು:
ಹನ್ನೊಂದು.
ಹನ್ನೊಂದರಲ್ಲೂ ಅದೇ ಒಂದು ಫೋಟೋ,
ಬುಟ್ಟಿ ಹಿಡಿದವಳು, ಕೆಳಗೆ ಹೆಸರಿಲ್ಲ.

ಎರಡನೇ ದಿನ ತಂತ್ರಾಂಶ ಕೇಳಿತು: ಕೊನೆಯ ಹೆಸರು?
ಪಾಲೇಂಗಡ ದೇಚಮ್ಮ ಎಂದಳು,
ನಮ್ಮದು ಮೊದಲೇ ಬರ್ತದೆ ಸರ್. ಮನೆ ಮುಂದೆ, ಆಳು ಹಿಂದೆ.
ತಿರುಗಿಸಿ ಬರೆದರೆ ತಾತ ಎದ್ದು ಬರ್ತಾರೆ.
ಅಮ್ಮಿಣಿಗೆ ಮುಂದೂ ಇಲ್ಲ, ಹಿಂದೂ ಇಲ್ಲ.
ಅಮ್ಮಿಣಿ, ಅಷ್ಟೇ.
ಕೆಂಪು ನಕ್ಷತ್ರ ಒಪ್ಪಲಿಲ್ಲ, ಮುಂದೆ ಬಿಡಲಿಲ್ಲ.
ಒಂದು ಚುಕ್ಕಿ ಇಟ್ಟಳು. ಬಿಟ್ಟಿತು.

ಮೂರನೇ ದಿನ ಕಾಫಿ ಹೂ ಅರಳಿ
ಕಿಟಕಿ ಮುಚ್ಚಿದರೂ ಪರಿಮಳ; ಸರ್‌ಗೆ ಸೀನು ನಿಲ್ಲಲಿಲ್ಲ.
ಸೀನುತ್ತಲೇ ನಕಲು ಹಿಡಿಯುವ ಯಂತ್ರ ತೋರಿಸಿದರು.
ಎಲ್ಲರ ಬರಹವೂ ಅಲ್ಲಲ್ಲಿ ಕೆಂಪಾಯಿತು,
ಕೆಲವರದು ಮೆಣಸಿನಕಾಯಿ ಒಣಹಾಕಿದ ಅಂಗಳ.
ಅಮ್ಮಿಣಿಯದು ನೂರಕ್ಕೆ ಸೊನ್ನೆ.
ಅಜ್ಜಿ ಗುರುತು ಹಿಡಿಯುವ ಕಾಡುಸೊಪ್ಪು, ನಲವತ್ತೊಂದು,
ಜಗತ್ತಿನಲ್ಲಿ ಯಾರೂ ಹಾಗೆ ಬರೆದಿರಲಿಲ್ಲ.

ಆಕರ ಎಲ್ಲಮ್ಮ, ಎಂದರು.
ಅಜ್ಜಿ ಹೇಳಿದ್ದು, ಎಂದಳು.
ಬಾಯಿಮಾತು ಗ್ರಂಥಸೂಚಿಗೆ ಬರೋದಿಲ್ಲ.
ಓದಿದವರು ಹುಡುಕಿಕೊಂಡು ಹೋದರೆ ಸಿಗಬೇಕು,
ನಿಯಮ ಅದು.

ಅಮ್ಮಿಣಿ ಎದ್ದು ನಿಂತಳು.
ಸಿಗ್ತಾಳೆ ಸರ್.
ತಿತಿಮತಿ ದಾಟಿ, ಚೆಕ್‌ಪೋಸ್ಟಿನ ಹತ್ತಿರ ಇಳಿದು, ಎಡಕ್ಕೆ ಹಾಡಿ.
ನೀಲಿ ಟಾರ್ಪಾಲಿನ ಮನೆ.
ಐದರ ಮೇಲೆ ಬನ್ನಿ, ತೋಟದಿಂದ ಬಂದಿರ್ತಾಳೆ.
ಭಾನುವಾರ ಬೇಡ, ಸಂತೆ.

ಸರ್ ಹಿಂದಿನ ಸ್ಲೈಡಿಗೆ ಹೋದರು,
ನಿಯಮವನ್ನು ತಾವೇ ಇನ್ನೊಮ್ಮೆ ಓದಿಕೊಂಡರು, ಮನಸ್ಸಿನಲ್ಲಿ.
ಊಟ ಆದ ಮೇಲೆ ನೋಡೋಣ, ಎಂದರು.
ಊಟ ಆದ ಮೇಲೆ ಕರೆಂಟಿರಲಿಲ್ಲ.

ಪ್ರಮಾಣಪತ್ರ ಹಂಚಿದೆವು. ಯಂತ್ರವೇ ಮುದ್ರಿಸಿದ್ದು,
ಅಮ್ಮಿಣಿಯ ಹೆಸರಿನ ಪಕ್ಕ, ಸ್ವಲ್ಪ ಜಾಗ ಬಿಟ್ಟು,
ಅದೇ ಚುಕ್ಕಿ.
ಗೆಳತಿಯರಿಗೆ ತೋರಿಸಿ ನಗುತ್ತ ಹೋದಳು: ನೋಡ್ರೇ, ನನ್ನ ಮನೆ ಹೆಸರು.

ಬೀಗ ಹಾಕುವ ಮುನ್ನ ಡ್ರಾಯರು ತಡಕಿದೆ.
ಪ್ಲಗ್ಗುಗಳ ಅಡಿಯಲ್ಲಿ ಒಂದು ಖಾಲಿ ಕಾರ್ಡು,
ಅಂಚು ಹಳದಿ, ಮಧ್ಯೆ ಸರಳು ತೂರುವ ತೂತು.
ಪೆನ್ನು ತೆಗೆದೆ. ಮೊದಲ ಗೆರೆ ಕರ್ತೃವಿನದು.
ಅಜ್ಜಿಯ ಹೆಸರು
ನಾನೂ ಕೇಳಿರಲಿಲ್ಲ.

ಗೇಟಿನವರೆಗೆ ಓಡಿದೆ, ಈ ಮಂಡಿಯಲ್ಲಿ.
ತಿತಿಮತಿ ಬಸ್ಸು ಹೊರಟಾಗಿತ್ತು.

ಮೊದಲ ಗೆರೆ ಬಿಟ್ಟು ಬರೆದಿಟ್ಟಿದ್ದೇನೆ:
ಸೊಪ್ಪು, ನಲವತ್ತೊಂದು. ಪ್ರತಿ, ಒಂದು.
ಎರವಲು ಕೊಡುವುದಿಲ್ಲ; ಅಲ್ಲೇ ಹೋಗಿ ನೋಡುವುದು.
ಐದರ ಮೇಲೆ.

ಸೋಮವಾರ ಕೇಳಬೇಕು.